ಬಕೆಟ್ಟು ತೊಳೆದ ನೀರು

ಬೆನ್ಸನ್ ಟೌನಿನ ಸಾಮಿಯಾ ಅವರ ಮನೆಯ ಮೆಟ್ಟಿಲ ಬಳಿ ಬಗ್ಗಿ ಪಾತ್ರೆಗೆ ಹಾಲು ಅಳೆದು ಸುರಿಯುತ್ತಿದ್ದಾಗ ಮುನಿಆಂಜನಪ್ಪನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೊಡೆದುಕೊಂಡದ್ದು ಫೋನೋ ಎದೆಯೋ ಎಂದು ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ಈ ಹನ್ನೊಂದು ದಿನಗಳಲ್ಲಿ ಫೋನು ಬಂದಾಗಲೆಲ್ಲ ಎರಡೂ ಒಟ್ಟಿಗೇ ಹೊಡೆದುಕೊಳ್ಳುತ್ತಿದ್ದವು. ನೋಡಿದರೆ ಧನುಶ್ರೀ. ಅವನ ಹುಲ್ಲುಗಾವಲಿನ ನಡುವೆ ಹರಿಯುವ ಹಳ್ಳಕ್ಕೆ ಮತ್ತೆ ಮೀನು ತರಿಸಬೇಕೆಂದು ಎರಡು ವರ್ಷದಿಂದ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒದ್ದಾಡುತ್ತಿದ್ದ ಹುಡುಗಿ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಹಾಲು ಸುರಿಯುತ್ತಲೇ “ಹೇಳಮ್ಮ” ಎಂದ. “ಅಂಕಲ್, ಮೀನಿದಾವೆ. ಬೆಳಿಗ್ಗೆ ಬಲೆ ಹಾಕ್ದೆ. ಮೇಲಿನ ಎರಡು ಗುಂಡೀಲಿ ದೊಡ್ಡವು ಹಾಗೇ ಇದಾವೆ, ಮರಿ ಬೇರೆ ಆಗಿದೆ. ಮರಿಗಳು ಕೆಳಗಿನ ಗುಂಡಿಗೂ ಇಳಿದ್ಬಿಟ್ಟಿದಾವೆ. ಔಷಧಿ ಎಲ್ಲಾ ತೊಳ್ಕೊಂಡು ಹೋಗಿದೆ ಅನ್ಸುತ್ತೆ ಅಂಕಲ್, ಬಚಾವಾದ್ವಿ.” ಪಾತ್ರೆ ತುಂಬಿ, ಹಾಲು ಅಂಚು ದಾಟಿ, ಮೆಟ್ಟಿಲ ಮೇಲೆ ಹರಿದು, ಅವನ ಚಪ್ಪಲಿಯೊಳಗೆ ಬೆಚ್ಚಗೆ ಸೇರಿಕೊಂಡಿತು.

“ಅರೆ ಮುನಿಯಪ್ಪಾ, ಹಾಲು ಹೋಗ್ತಾ ಇದೆ ನೋಡು. ಕ್ಯಾ ಹುವಾ? ಮನೇಲಿ ಎಲ್ಲಾ ಖೈರಿಯತ್ ತಾನೆ?” ಎಂದರು ಸಾಮಿಯಾ, ಬಾಗಿಲಿಗೆ ಒರಗಿಕೊಂಡು. ಮೂವತ್ತು ವರ್ಷದಿಂದ ಅವನ ಹಾಲು ಕೊಳ್ಳುವ, ಮೂವತ್ತು ವರ್ಷದಿಂದಲೂ ಅದಕ್ಕೆ ನೀರು ಹಾಕಿದ್ದಾನೆಂದು ನಂಬಿರುವ ಹಿರಿಯ ಹೆಂಗಸು. “ಖೈರಿಯತ್ತೇ ಅಮ್ಮಾ. ಮೀನು ಬದುಕಿದಾವಂತೆ.” “ಮೀನಾ? ಹಾಲಿನವನಿಗೆ ಮೀನಿಂದು ಏನು ಕೆಲಸ?” ಎಂದು ಅವರು ನಕ್ಕರು. ಅವನೂ ನಕ್ಕ. ನಗು ನಿಲ್ಲಲಿಲ್ಲ. ಅರ್ಧ ಲೀಟರು ಹೆಚ್ಚಾಗಿಯೇ ಹಾಕಿ, ಕ್ಯಾನಿನ ಮುಚ್ಚಳ ಒತ್ತಿ, ಲಗೇಜ್ ಆಟೋದಲ್ಲಿ ಬಂದು ಕೂತ ಮೇಲೂ ಹೊಟ್ಟೆಯೊಳಗಿಂದ ಅದು ಬಿಕ್ಕಳಿಕೆಯ ಹಾಗೆ ಬರುತ್ತಲೇ ಇತ್ತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಐವತ್ತೆಂಟರ ಮುನಿಆಂಜನಪ್ಪನಿಗೆ ಆ ಸಾವಿರ ವರ್ಷವೂ ಒಟ್ಟಿಗೇ ಕೈಗೆ ಸಿಕ್ಕಿದಂತಾಗಿತ್ತು. ಬೀದಿಯ ಮಳೆಮರಗಳು, ಹಳೇ ಬಂಗಲೆಯ ಗೇಟಿನಲ್ಲಿ ಮಲಗಿದ್ದ ನಾಯಿ, ಇಸ್ತ್ರಿ ಗಾಡಿಯ ಇದ್ದಿಲ ಹೊಗೆ, ಎಲ್ಲವೂ ಇವತ್ತು ಅವನ ಪರವಾಗಿಯೇ ಇದ್ದವು. ಎರಡನೇ ಗೇರಿಗೆ ಹಾಕಿ ಅವನು ತನ್ನಷ್ಟಕ್ಕೆ ಹೇಳಿಕೊಂಡ: ಹಂಗಾದ್ರೆ ಇನ್ನು ಯಾರಿಗೂ ಏನೂ ಹೇಳ್ಬೇಕಾಗಿಲ್ಲ. ಹೇಳಿಕೊಂಡ ಮೇಲೆ ಆ ಮಾತು ಅವನಿಗೆ ಸ್ವಲ್ಪ ಹೊಲಸೆನಿಸಿತು.

ಹೇಳಬೇಕಾಗಿದ್ದದ್ದು ಇಷ್ಟೇ. ಹನ್ನೊಂದು ದಿನದ ಹಿಂದೆ, ಕಮ್ಮನಹಳ್ಳಿಯಲ್ಲಿ ತಂಗಿ ಮಗಳು ಹಂಸಳ ನಿಶ್ಚಿತಾರ್ಥವಿತ್ತು. ಅದೇ ಸಂಜೆ ಹಸುಗಳಿಗೆ ಉಣ್ಣೆ ಔಷಧಿ ಹಚ್ಚುವ ದಿನ. ಮಳೆಗಾಲದಲ್ಲಿ ಉಣ್ಣೆಗಳು ಹಸುವಿನ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಹುರಿಗಡಲೆಯ ಗಾತ್ರಕ್ಕೆ ಊದಿಕೊಂಡು ನೇತಾಡುತ್ತವೆ. ಔಷಧಿಯನ್ನು ಬಕೆಟ್ಟಿನ ನೀರಿಗೆ ಬೆರೆಸಿ, ಬಟ್ಟೆ ಅದ್ದಿ, ಇಪ್ಪತ್ತೆರಡು ಹಸುವಿಗೂ ಮೈ ಒರೆಸಬೇಕು. ಅದು ರಾಮಣ್ಣನ ಕೆಲಸ. ಲಿಂಗಸುಗೂರಿನ ಕಡೆಯಿಂದ ಹೆಂಡತಿ ಮಗಳೊಂದಿಗೆ ಬಂದು, ಕೊಟ್ಟಿಗೆಯ ಪಕ್ಕದ ಶೀಟಿನ ಕೋಣೆಯಲ್ಲಿ ನಾಲ್ಕು ವರ್ಷದಿಂದ ಇರುವವನು. ರಾಮಣ್ಣ ಒರೆಸಿ ಮುಗಿಸಿ ಹಿಂಡಿ ತರಲು ಹೋಗಿದ್ದ. ಮುನಿಆಂಜನಪ್ಪ ಬಿಳಿ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿ ಹೊರಬಂದರೆ ದಾರಿಗಡ್ಡ ಔಷಧಿಯ ಕೆಂಪು ಬಕೆಟ್ಟು. ತಳದಲ್ಲಿ ಎರಡು ಚೊಂಬಿನಷ್ಟು ಬಿಳಿನೀರು ಉಳಿದಿತ್ತು. ಉಳಿದದ್ದನ್ನು ಕೊಟ್ಟಿಗೆಯ ಹಿಂದಿನ ಗುಂಡಿಗೇ ಸುರಿಯಬೇಕು, ಬಕೆಟ್ಟನ್ನೂ ಅಲ್ಲೇ ತೊಳೆಯಬೇಕು, ಒಂದು ಹನಿಯೂ ಹಳ್ಳಕ್ಕೆ ಹೋಗಕೂಡದು ಎಂದು ಧನುಶ್ರೀ ನೂರು ಸಲ ಹೇಳಿದ್ದಳು. ಅದನ್ನು ಇನ್ನೂರು ಸಲ ರಾಮಣ್ಣನಿಗೆ ಹೇಳಿದ್ದವನು ಇವನೇ. ಗುಂಡಿಯ ದಾರಿಯಲ್ಲಿ ಸಗಣಿ ಕೆಸರು. ಹೊಸ ಚಪ್ಪಲಿ. ಹಸುಗಳು ನೀರಿಗಿಳಿಯಲೆಂದು ಕಟ್ಟಿದ ಕಲ್ಲುಹಾಸು ಹತ್ತೇ ಹೆಜ್ಜೆ, ಒಣಗಿದ್ದು, ಶುಚಿಯಾಗಿದ್ದದ್ದು. ಎರಡು ಬೆರಳಲ್ಲಿ ಬಕೆಟ್ಟು ಎತ್ತಿಕೊಂಡು ಹೋಗಿ ಹಳ್ಳಕ್ಕೆ ಸುರಿದು, ಎರಡು ಸಲ ಕುಲುಕಿ ತೊಳೆದು, ಕವುಚಿಟ್ಟು, ನಿಶ್ಚಿತಾರ್ಥಕ್ಕೆ ಹೋಗಿ ಒಬ್ಬಟ್ಟು ಉಂಡ. ಮಾರನೇ ಬೆಳಿಗ್ಗೆ ಕಲ್ಲುಹಾಸಿನ ಕೆಳಗೆ ಹಳ್ಳದ ಗುಂಡಿಯಲ್ಲಿ ಪಕ್ಕೆ ಎನ್ನುವ ಪುಟ್ಟ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಧನುಶ್ರೀ ಅವನ್ನು ಒಂದೊಂದಾಗಿ ಆರಿಸಿ ಬಿಳಿ ತಟ್ಟೆಯ ಮೇಲಿಟ್ಟಳು. ನಲವತ್ತಮೂರು. ಅಳಲಿಲ್ಲ, ಕೂಗಾಡಲಿಲ್ಲ, ಕೂಗಾಡಿದ್ದರೆ ಅವನೂ ಎದುರು ಕೂಗಿ ಗೆಲ್ಲಬಹುದಿತ್ತು. “ಔಷಧಿ ಬಕೆಟ್ಟು ಇಲ್ಲಿ ಯಾರು ತೊಳ್ದಿದ್ದು ಅಂಕಲ್?” ಎಂದಷ್ಟೇ ಕೇಳಿದಳು, ತಟ್ಟೆಯಿಂದ ಕಣ್ಣೆತ್ತದೆ. ಆಗ ಅವನ ಬಾಯಿಂದ ಆ ಮಾತು ಎಷ್ಟು ಹಗುರಾಗಿ ಬಂತೆಂದರೆ, ಯಾರೋ ಹಿಂದಿನಿಂದ ಹೇಳಿಕೊಟ್ಟ ಹಾಗೆ: “ರಾಮಣ್ಣ ಮರ್ತು ತೊಳೆದ್ಬಿಟ್ನೇನೋಮ್ಮ.” ನಾಲಿಗೆಗೆ ಎಲುಬಿಲ್ಲ ಎನ್ನುವುದನ್ನು ಅವನು ಬೇರೆಯವರಿಗೆ ಹೇಳಿದ್ದೇ ಹೆಚ್ಚು. ರಾಮಣ್ಣನನ್ನು ಕರೆದರು. ಅವನು ಬಂದ, ತಟ್ಟೆ ನೋಡಿದ, ಧನುಶ್ರೀಯನ್ನು ನೋಡಿದ, ಮುನಿಆಂಜನಪ್ಪನನ್ನು ನೋಡಿದ. ನೋಡಿ, ತಲೆ ತಗ್ಗಿಸಿ, “ತಪ್ಪಾತ್ರಿ” ಎಂದ. ಅಷ್ಟೇ. ಅಲ್ಲ ಎನ್ನಬಹುದಿತ್ತು. ಸಾವ್ಕಾರ್ರೇ, ನಾನು ಹಿಂಡಿ ತರೋಕೆ ಹೋಗಿದ್ನಲ್ರೀ ಎನ್ನಬಹುದಿತ್ತು. ಕೂಲಿಯವನ ಅಭ್ಯಾಸಬಲ, ಯಾರು ಬೈದರೂ ಮೊದಲು ತಪ್ಪೊಪ್ಪಿಕೊಂಡು ಬಿಡುತ್ತಾರೆ ಎಂದು ಮುನಿಆಂಜನಪ್ಪ ಅಂದುಕೊಂಡ. ಹಾಗೆ ಅಂದುಕೊಂಡದ್ದರಿಂದ ಒಂದಿಷ್ಟು ಸಮಾಧಾನವೂ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆಯೇ ಬೆನ್ನು ಕೊಟ್ಟು ನಿಂತಾಗ ಬರೆ ಹಾಕುವವನಿಗೆ ಕೈ ನಡುಗುವುದಿಲ್ಲ.

ಹಲಸೂರಿನ ಸಿಗ್ನಲ್ಲಿನಲ್ಲಿ ಮುಂದಿನ ಬಸ್ಸು ಹೊರಟರೂ ಅವನು ಹೊರಡಲಿಲ್ಲ. ಹಿಂದಿನ ಬೈಕಿನವನು “ಗುರು, ಮಲ್ಕೊಂಡ್ಯಾ?” ಎಂದು ಪಕ್ಕದಿಂದ ನುಗ್ಗಿ ಹೋದ. ಬೈಸಿಕೊಂಡದ್ದೂ ಇವತ್ತು ಹಿತವಾಗಿತ್ತು. ಮೀನು ಬದುಕಿವೆ. ಬದುಕಿವೆಯಷ್ಟೇ ಅಲ್ಲ, ಮರಿ ಮಾಡಿವೆ. ಎರಡು ವರ್ಷದ ಹಿಂದೆ ಇದೇ ಹುಡುಗಿ ಬಂದು ಅಲ್ಲಿ ಮೀನು ಬರುತ್ತದೆ ಎಂದಾಗ ಅವನು ಎಷ್ಟು ನಕ್ಕಿದ್ದ. ಕೆ.ಆರ್. ಪುರದಾಚೆಯ ಹೊಂಗೇನಹಳ್ಳಿಯಲ್ಲಿ ಸುತ್ತ ಅಪಾರ್ಟ್‌ಮೆಂಟುಗಳೆದ್ದ ಮೇಲೆ ಉಳಿದಿದ್ದ ಹುಲ್ಲುಗಾವಲು ಅವನದೊಂದೇ, ಮೂರೂವರೆ ಎಕರೆ. ಅದರ ಮಧ್ಯದ ಹಳ್ಳವನ್ನು ಕಾಗದಪತ್ರದಲ್ಲಿ ರಾಜಕಾಲುವೆ ಎನ್ನುತ್ತಿದ್ದರು, ಮೂಗಿರುವವರು ಮೋರಿ ಎನ್ನುತ್ತಿದ್ದರು. ಮೇಲಿನ ಬಡಾವಣೆಯ ಕೊಳಚೆಯನ್ನು ನೆಲದೊಳಗಿನ ಪೈಪಿಗೆ ತಿರುಗಿಸಿದ ಮೇಲೆ ಮಳೆನೀರೂ ಒಸರುವ ನೀರೂ ಮಾತ್ರ ಉಳಿಯಿತು. ಆಗ ಧನುಶ್ರೀ ಮತ್ತವಳ ಗೆಳೆಯರು ಬಂದು, ಹಸುಗಳೇ ಹಳ್ಳವನ್ನು ಕೊಲ್ಲುತ್ತಿವೆ ಎಂದರು. ಹಸು ಕೊಲ್ಲುತ್ತದೆ ಎಂದರೆ ಯಾವ ಗೌಳಿ ಕೇಳಿಸಿಕೊಂಡಾನು? ಇವನು ಅವರನ್ನು ಹೊಲದಿಂದ ಆಚೆ ಕಳಿಸಿದ. ಅವಳು ಮಾರನೇ ದಿನ ಮತ್ತೆ ಬಂದು, ಗೊರಸುಗಳು ತುಳಿದು ದಡ ಕುಸಿದದ್ದನ್ನು, ಸಗಣಿ ಗಂಜಲ ಸೇರಿ ನೀರು ಹಸಿರುಗಟ್ಟಿದ್ದನ್ನು, ನೆರಳಿಲ್ಲದೆ ಆ ನೀರು ಬಿಸಿಯೇರಿದ್ದನ್ನು ಅವನ ಕೈಯನ್ನೇ ನೀರಿಗೆ ಅದ್ದಿಸಿ ತೋರಿಸಿದಳು. ಮೀನಿಗೂ ನಿಮ್ಮ ಹಸುವಿಗೂ ಒಂದೇ ಬೇಕಾಗಿರೋದು ಅಂಕಲ್, ತಣ್ಣಗಿರೋ ನೀರು ಎಂದಳು. ಹಸುವಿನ ಹೆಸರೆತ್ತಿದ್ದಕ್ಕೆ ಅವನು ಒಪ್ಪಿದ.

ಒಪ್ಪಿದ ಮೇಲೆ ಆರು ತಿಂಗಳು ಗೊಣಗಿದ. ದಡದಗುಂಟ ಬೇಲಿ ಹಾಕಿದಾಗ ಅರ್ಧ ಎಕರೆ ಒಳ್ಳೇ ಗರಿಕೆ ಬೇಲಿಯಾಚೆ ಹೋಯಿತು. ಹಸುಗಳು ತಂತಿಯ ಮೇಲೆ ಕತ್ತು ಚಾಚಿ ಆ ಹುಲ್ಲನ್ನು ನೋಡುವುದನ್ನು ಕಂಡು ಅವನ ಹೊಟ್ಟೆ ಉರಿಯಿತು. ನೀರಿಗಿಳಿಯಲು ಒಂದೇ ಜಾಗ, ಕಲ್ಲುಹಾಸು. ನೇರ ಓಡುತ್ತಿದ್ದ ಹಳ್ಳವನ್ನು ಬಂಡೆಗಳಿಟ್ಟು ಬಳಸಿ ಹರಿಯುವಂತೆ ಮಾಡಿದರು, ಮೂರು ಕಡೆ ಗುಂಡಿ ತೆಗೆದರು, ದಡಕ್ಕೆ ಲಾವಂಚ ನೆಟ್ಟರು, ನೆರಳಿಗೆ ಹೊಂಗೆ. ಕಲ್ಲು ಹೊತ್ತದ್ದು ಹೆಚ್ಚುಪಾಲು ರಾಮಣ್ಣ. ಹೊಸಕೋಟೆಯಾಚೆಯ ಸಣ್ಣ ಕೆರೆಯೊಂದರಿಂದ ಡ್ರಮ್ಮಿನಲ್ಲಿ ಪಕ್ಕೆ ಮೀನು ತಂದ ದಿನ, ಗಾಡಿ ಕುಲುಕಿದಾಗೆಲ್ಲ ಡ್ರಮ್ಮಿಗೆ ಕೈಕೊಟ್ಟು ನಿಂತದ್ದೂ ರಾಮಣ್ಣನೇ. ಮುನಿಆಂಜನಪ್ಪ ಮೊದಮೊದಲು ಆ ಕಡೆ ಹೋಗದವನ ಹಾಗೆ ನಟಿಸಿದ. ಆಮೇಲೆ ಬೆಳಗಿನ ಹಾಲು ಕರೆದು, ಯಾರೂ ಇಲ್ಲದಾಗ, ಒಂದು ಹಿಡಿ ಪುರಿ ಎರಚಿ ಕೂರತೊಡಗಿದ. ಬಾಲದ ಬುಡದಲ್ಲಿ ಒಂದೊಂದು ಕರಿ ಬೊಟ್ಟಿರುವ ಪುಟ್ಟ ಮೀನುಗಳು. ಪುರಿ ಹಾಕ್ಬೇಡಿ ಅಂಕಲ್, ಅವಕ್ಕೆ ಅವುಗಳದೇ ಊಟ ಇದೆ ಎಂದು ಧನುಶ್ರೀ ಬೈದಾಗ, ಮನೆಗೆ ಬಂದ ಮೊಮ್ಮಕ್ಕಳಿಗೆ ತಿಂಡಿ ಕೊಡಬೇಡ ಎಂದ ಹಾಗೆ ಮುಖ ಸಣ್ಣದು ಮಾಡಿಕೊಂಡಿದ್ದ. ಹೋದ ತಿಂಗಳು ಎದುರಿನ ಅಪಾರ್ಟ್‌ಮೆಂಟಿನವರು ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು, ಹಳ್ಳ ಉಳಿಸಿದ ಹೈನುಗಾರ ಎಂದರು. ಫೋಟೋಕ್ಕೆ ಕರು ಇದ್ದರೆ ಚೆನ್ನ ಎಂದು ಯಾರೋ ಹೇಳಿದ್ದರಿಂದ ರಾಮಣ್ಣ ಕರು ಹಿಡಿದುಕೊಂಡು ಬಂದಿದ್ದ. ಫೋಟೋದಲ್ಲಿ ಕರು ಪೂರ್ತಿ ಬಂದಿತ್ತು, ರಾಮಣ್ಣನ ಒಂದು ಕೈ ಬಂದಿತ್ತು.

ಜೋಗುಪಾಳ್ಯದಲ್ಲಿ ಅಕ್ಕ ಆಂಜನಮ್ಮನ ಮನೆಗೆ ದಿನಾ ಕಡೆಯ ಅರ್ಧ ಲೀಟರು. ಓಣಿಗೆ ಗಾಡಿ ಹೋಗದು. ಕ್ಯಾನು ಹಿಡಿದು ನಡೆದೇ ಹೋಗಬೇಕು. ಅಕ್ಕ ಇಡ್ಲಿ ತಟ್ಟೆ ಮುಂದಿಟ್ಟಳು. ಹನ್ನೊಂದು ದಿನದಿಂದ ಎರಡಕ್ಕೆ ಸಾಕೆನ್ನುತ್ತಿದ್ದವನು ಇವತ್ತು ಐದು ತಿಂದು ಚಟ್ನಿ ಇನ್ನೊಂದು ಸಲ ಕೇಳಿದ. ಅವಳು ಅವನನ್ನೇ ನೋಡುತ್ತಾ ಕೂತಿದ್ದಳು. “ಏನೋ ಮುನೀ, ಮುಖ ಬೆಳಗಾಗ್ಬಿಟ್ಟಿದೆ.” “ಮೀನು ಬದುಕಿದಾವಕ್ಕಾ. ಮರಿ ಬೇರೆ ಹಾಕಿದಾವೆ.” “ಒಳ್ಳೇದಾಯ್ತು ಬಿಡು. ಆ ಹುಸೇನಮ್ಮಂಗೂ ಹೇಳು, ನಿನ್ನೆ ಫೋನ್ ಮಾಡಿದ್ಲು ಪಾಪ.” ಅವನ ಕೈಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಹುಸೇನಮ್ಮ ರಾಮಣ್ಣನ ಹೆಂಡತಿ. ಹಬ್ಬಗಳಲ್ಲಿ ಅಕ್ಕನ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದವಳು. “ನಿನ್ಗ್ಯಾಕೆ ಫೋನ್ ಮಾಡಿದ್ಲು?” “ಈ ಕಡೆ ಎಲ್ಲಾದ್ರೂ ಮನೆಗೆಲ್ಸ ಇದ್ರೆ ಹೇಳಿ ಅಂತ. ಅವಳ ಗಂಡ ಅಲ್ಲಿರಲ್ಲ ಅಂತಾನಂತೆ. ಇವತ್ತು ಮಧ್ಯಾಹ್ನ ಗಂಟು ಕಟ್ಕೊಂಡು ಊರ ಕಡೆ ಹೋಗೋರು, ಕೆಲ್ಸ ಸಿಕ್ರೆ ಮಾತ್ರ ಇಲ್ಲೇ ಉಳ್ಕೋತೀವಿ ಅಂದ್ಲು. ನೀನು ಬೈದ್ಯಾ ಅವನ್ನ?” “ನಾನ್ಯಾಕೆ ಬೈಲಿ? ಒಂದು ಮಾತೂ ಬೈದಿಲ್ಲ.”

ಅದು ನಿಜ. ಬೈದಿರಲಿಲ್ಲ. ತಾನು ಬೈಯದೇ ಇದ್ದದ್ದನ್ನು ಅವನು ತನ್ನ ದೊಡ್ಡತನವೆಂದೇ ಎಣಿಸಿಕೊಂಡಿದ್ದ. ಮಾರನೇ ದಿನ ರಾಮಣ್ಣನಿಗೆ ಒಂದು ಲೀಟರು ಹಾಲು ಹೆಚ್ಚಾಗಿ ಕೊಟ್ಟು, ಹೋಗ್ಲಿ ಬಿಡು ರಾಮಣ್ಣ, ಆಗೋದು ಆಗೋಯ್ತು ಎಂದೂ ಹೇಳಿದ್ದ. ಕ್ಷಮಿಸಿದ್ದ! ತಾನು ಮಾಡಿದ್ದಕ್ಕೆ ಅವನನ್ನು ಕ್ಷಮಿಸಿದ್ದ. ಅಕ್ಕನ ಮನೆಯ ಗೋಡೆಗಡಿಯಾರದ ಕೆಳಗೆ, ಬಾಯಲ್ಲಿ ಇಡ್ಲಿ ತುಂಬಿಕೊಂಡು, ಅವನಿಗೆ ಆ ಮಾತು ಮತ್ತೆ ಕೇಳಿಸಿ ಕಿವಿಯ ತುದಿ ಬಿಸಿಯಾಯಿತು. “ಬಕೆಟ್ಟು ನಾನೇ ತೊಳ್ದಿದ್ದು ಅಕ್ಕಾ” ಎಂದ. ಹೇಳಬೇಕೆಂದು ಹೇಳಿದ್ದಲ್ಲ, ಇಡ್ಲಿ ನುಂಗಿದ ಮೇಲೆ ಬಾಯಿ ಖಾಲಿಯಾಗಿತ್ತು, ಬಂದುಬಿಟ್ಟಿತು. ಆಂಜನಮ್ಮ ಲೋಟದಲ್ಲಿ ಕಾಫಿ ಆರಿಸುತ್ತಿದ್ದವಳು ನಿಲ್ಲಿಸಲಿಲ್ಲ. “ನನ್ಗೆ ಆವಾಗ್ಲೇ ಅನ್ನಿಸ್ತು. ಹಂಸನ ನಿಶ್ಚಿತಾರ್ಥದ ಮಾರನೇ ದಿನದಿಂದ ಯಾರೂ ಕೇಳ್ದೇನೇ ರಾಮಣ್ಣ ಒಳ್ಳೇವ್ನು, ರಾಮಣ್ಣ ಒಳ್ಳೇವ್ನು ಅಂತ ಹೇಳ್ಕೊಂಡು ಓಡಾಡ್ತಿದ್ಯಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ, ನೀನು ಅನ್ನೋಕ್ ಮುಂಚೇನೇ ನೋಡ್ಕೊತಿದ್ದೆ.” “ಇವಾಗೇನ್ ಮಾಡ್ಲಿ ಹೇಳು.” “ನನ್ಗೆ ಹೇಳಿ ಏನಾಗ್ಬೇಕು? ನಾನೇನು ಕಲ್ಲು ಹೊತ್ತಿದ್ನಾ? ಕಾಫಿ ಕುಡ್ಕೊಂಡು ಎದ್ದೋಗು, ಬಿಸಿಲೇರೋಕ್ ಮುಂಚೆ.” ಆ ಕಾಫಿಯನ್ನು ಅವನು ಬಿಸಿಯಾಗಿರುವಾಗಲೇ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ.

ಹಳೇ ಮದ್ರಾಸು ರಸ್ತೆಯಲ್ಲಿ ಗಾಡಿ ಓಡಿಸುತ್ತಾ ಅವನು ಹೇಳಬೇಕಾದ ಮಾತನ್ನು ಹತ್ತು ಥರ ಜೋಡಿಸಿ ನೋಡಿದ. ರಾಮಣ್ಣ, ಆವತ್ತು ನಂಗೂ ಸರಿ ಗೊತ್ತಿರ್ಲಿಲ್ಲ. ಸುಳ್ಳು. ರಾಮಣ್ಣ, ಆ ಹುಡುಗಿ ಏನಂದ್ಕೋತಾಳೋ ಅಂತ ಬಾಯ್ತಪ್ಪಿ ಬಂತು. ಅದು ಹೆಚ್ಚುಕಡಿಮೆ ನಿಜ, ಆದರೆ ಅದನ್ನು ಕೇಳಿದ ರಾಮಣ್ಣ ನಾನೇನಂದ್ಕೋತೀನಿ ಅಂತ ಅನ್ನಿಸಲಿಲ್ವೇನ್ರಿ ಎಂದು ಕೇಳಿದರೆ? ಕೇಳುವುದಿಲ್ಲ, ಅವನು ಕೇಳುವವನಲ್ಲ. ಕೇಳುವವನಲ್ಲ ಎಂದು ಗೊತ್ತಿದ್ದದ್ದಕ್ಕೇ ಅವನ ಹೆಸರು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು. ಟಿನ್ ಫ್ಯಾಕ್ಟರಿಯ ಹತ್ತಿರ ಗಾಡಿಗಳೆಲ್ಲ ನಿಂತವು. ತಲೆಯ ಮೇಲೆ ಮೆಟ್ರೋ ಹೋಯಿತು. ಮೀನು ಹೇಗೂ ಬದುಕಿವೆ, ಧನುಶ್ರೀಗೂ ಖುಷಿ, ರಾಮಣ್ಣನಿಗೆ ಮೀನು ಬದುಕಿದ ಸುದ್ದಿ ಹೇಳಿ, ಇರಪ್ಪಾ ಹೋಗ್ಬೇಡ ಎಂದರೆ ಮುಗಿಯಿತಲ್ಲ, ಹಳೇದನ್ನು ಕೆದಕಿ ಯಾರಿಗೇನು ಲಾಭ ಎಂದು ಒಳಗಿನವನು ಒಬ್ಬ ಹೇಳಿದ. ಬಹಳ ನಯವಾಗಿ ಮಾತಾಡುವವನು. ಶಾಲು ಹೊದಿಸಿದ ದಿನ ವೇದಿಕೆಯ ಮೇಲೆ ಕೂತಿದ್ದವನೂ ಅವನೇ. ಮುನಿಆಂಜನಪ್ಪ ಅವನ ಮಾತಿಗೆ ತಲೆಯಾಡಿಸುತ್ತಲೇ ಇದ್ದ. ಗಾಡಿಗಳು ಮತ್ತೆ ಚಲಿಸಿದವು.

ಹೊಂಗೇನಹಳ್ಳಿ ತಲುಪಿದಾಗ ಹನ್ನೊಂದೂವರೆ. ಧನುಶ್ರೀ ಕಾಲೇಜಿಗೆ ಹೋಗಿಯಾಗಿತ್ತು. ಅವಳ ಬಲೆ ಬೇಲಿಯ ಮೇಲೆ ಒಣಗುತ್ತಿತ್ತು. ಅವನು ನೇರ ಕೆಳಗಿನ ಗುಂಡಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಮೊದಲು ಏನೂ ಕಾಣಲಿಲ್ಲ. ಕಣ್ಣು ಪಳಗಿದ ಮೇಲೆ, ಲಾವಂಚದ ಬೇರಿನ ನೆರಳಲ್ಲಿ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಮರಿಗಳು, ಹರಿವಿಗೆ ಎದುರಾಗಿ ಮೂತಿಯಿಟ್ಟು, ಇದ್ದಲ್ಲೇ ಈಜುತ್ತಿದ್ದವು. ಇಪ್ಪತ್ತು, ಮೂವತ್ತು, ಆಮೇಲೆ ಎಣಿಕೆ ತಪ್ಪಿತು. ಅಯ್ಯೋ ಬದುಕಿದ್ದೀರಲ್ಲ ಎಂದು ಬಾಯಿಬಿಟ್ಟೇ ಅಂದ. ಹಿಂದೆ ಕೆಮ್ಮು ಕೇಳಿಸಿ ತಿರುಗಿದರೆ ಬೇಲಿಯಾಚೆ ರಾಮಣ್ಣ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಊರಿಗೆ ಹೋಗುವ ಅಂಗಿ. “ಸಾವ್ಕಾರ್ರ, ಬಾರಾ ಗಂಟೆಗೆ ಹೋಗ್ತೀವ್ರಿ. ಹಸುಗಳಿಗೆ ನೀರು ಮೇವು ಆಗೇತ್ರಿ. ಕೆಂಚಿ ಕಾಲಿಗೆ ಮುಲಾಮು ಹಚ್ಚೀನಿ.” “ಇಲ್ಲಿ ಬಾ ರಾಮಣ್ಣ. ಬಂದು ನೋಡು.” “ಬ್ಯಾಡ್ರಿ. ನಾ ನೀರಿನ ಹತ್ರ ಬರಂಗಿಲ್ರಿ.” “ಮೀನು ಬದುಕಿದಾವಪ್ಪಾ. ಧನುಶ್ರೀ ಹೇಳಿದ್ಲು. ಮರಿ ಆಗಿದೆ. ಇಲ್ಲೇ ಇದಾವೆ ನೋಡು.”

ರಾಮಣ್ಣ ಬೇಲಿ ದಾಟಿ ಬರಲಿಲ್ಲ. ಕಂಬವನ್ನು ಹಿಡಿದುಕೊಂಡ. ನಿಧಾನವಾಗಿ, ಕಂಬದ ಗುಂಟ ಇಳಿಯುತ್ತಾ, ಇಸ್ತ್ರಿ ಅಂಗಿಯನ್ನೂ ಲೆಕ್ಕಿಸದೆ ಮಣ್ಣಿನಲ್ಲಿ ಕೂತುಬಿಟ್ಟ. “ಸತ್ತಿಲ್ಲೇನ್ರಿ?” ಎಂದ. “ಎಲ್ಲಾ ಸತ್ತಿಲ್ಲೇನ್ರಿ?” ಮುಖವನ್ನು ಎರಡೂ ಮೊಣಕೈ ನಡುವೆ ಹುದುಗಿಸಿದ. ಬೆನ್ನು ಅಲುಗುತ್ತಿತ್ತು. “ನನ್ನ ಕೈಲೆ ಹೋಗಿದ್ವಲ್ರಿ ಸಾವ್ಕಾರ್ರ. ಬಕೆಟ್ಟು ತೊಳೆದಿದ್ದು ನೆನಪಿಗೆ ಬರವಲ್ದ್ರಿ. ಆದ್ರ ಕೈ ತೊಳ್ಕಂಡಿದ್ದು ನೆನಪೈತ್ರಿ. ಔಷಧಿ ಹಚ್ಚಿ, ಇಲ್ಲೇ, ಈ ಕಲ್ಲಿನ್ಯಾಗ, ಹಿಂಡಿ ತರಾಕ ಹೋಗಾಕ್ ಮೊದ್ಲ ಕೈ ಅದ್ದಿದ್ನ್ರಿ. ನೀವು ಹೇಳಿದ್ದು ಮರ್ತಿದ್ದೆ. ಅಕ್ಕಾರು ತಟ್ಟೆ ತೋರ್ಸಿದಾಗ ನನ್ಗ ಗೊತ್ತಾತ್ರಿ, ಇದು ನಂದ ಕೈ ಅಂತ.” ಮುನಿಆಂಜನಪ್ಪನಿಗೆ ಆಗ ತಿಳಿಯಿತು. ಅಭ್ಯಾಸಬಲದಿಂದ ತಲೆ ತಗ್ಗಿಸಿದವನಲ್ಲ ಇವನು. ನಂಬಿದ್ದ. ಸಾವ್ಕಾರರ ಹಗುರಾದ ಆ ಒಂದು ಮಾತನ್ನು ತೆಗೆದುಕೊಂಡು ಹೋಗಿ, ತನ್ನ ಕೈಯೊಡನೆ ಇಟ್ಟು ನೋಡಿ, ಸರಿಹೋಯಿತೆಂದು ನಂಬಿ, ಹನ್ನೊಂದು ದಿನ ಇಟ್ಟುಕೊಂಡಿದ್ದ. ಈಗ ಅತ್ತು ಹಗುರಾಗುತ್ತಿದ್ದಾನೆ. ಹಗುರಾಗಲಿ, ಮೀನು ಬದುಕಿವೆ, ಅವನೂ ಬದುಕಿದ, ಇನ್ನು ಸುಮ್ಮನಿರು ಎಂದು ನಯವಾಗಿ ಮಾತಾಡುವವನು ಕಡೆಯ ಸಲ ಹೇಳಿದ. ಸುಮ್ಮನಿದ್ದರೆ ನಿಜಕ್ಕೂ ಎಲ್ಲರಿಗೂ ಸುಖವಿತ್ತು. ರಾಮಣ್ಣ ಊರಿಗೂ ಹೋಗುತ್ತಿರಲಿಲ್ಲ.

“ನಿನ್ನ ಕೈ ಅಲ್ಲಪ್ಪಾ ಅದು” ಎಂದ ಮುನಿಆಂಜನಪ್ಪ. “ನಾನು. ಬಕೆಟ್ಟು ನಾನು ತೊಳ್ದಿದ್ದು. ಉಳ್ದಿದ್ ಔಷಧಿ ಸುರಿದು, ಇಲ್ಲೇ ತೊಳ್ದೆ. ನೀನು ಹಿಂಡಿ ತರೋಕೆ ಹೋಗಿದ್ದೆ. ನಂಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೆಸ್ರು ಹೇಳ್ದೆ.” ಹತ್ತು ಥರ ಜೋಡಿಸಿದ ಮಾತುಗಳಲ್ಲಿ ಒಂದೂ ಇದಾಗಿರಲಿಲ್ಲ. ರಾಮಣ್ಣ ತಲೆಯೆತ್ತಿದ. ಕೋಪ ಬರಬಹುದೆಂದು ಮುನಿಆಂಜನಪ್ಪ ಕಾದ, ಬಂದರೆ ಒಳ್ಳೆಯದಿತ್ತು. ರಾಮಣ್ಣ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. “ಕೈ ತೊಳ್ಕಂಡ್ರ ಸಾಯಂಗಿಲ್ಲೇನ್ರಿ?” “ಅಷ್ಟಕ್ಕೇ ಸಾಯಲ್ಲಪ್ಪ. ಎರಡು ಚೊಂಬು ಸುರಿದಿದ್ದೀನಿ ನಾನು.” “ಅಂದ್ರ ನನ್ನ ಕೈಯಾಗ ಏನಿಲ್ಲೇನ್ರಿ?” “ಏನಿಲ್ಲ.” ಅವನು ಮುಖದ ಮೇಲೆ ಆ ಕೈಗಳನ್ನೇ ಇಟ್ಟುಕೊಂಡು ದೊಡ್ಡದಾಗಿ ಉಸಿರು ಬಿಟ್ಟ.

ಶೀಟಿನ ಕೋಣೆಯ ಬಾಗಿಲಲ್ಲಿ ಹುಸೇನಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕಾಲ ಬಳಿ ಕಟ್ಟಿದ ಎರಡು ಗಂಟು, ಒಂದು ಪ್ಲಾಸ್ಟಿಕ್ ಕೊಡ. ಅವಳು ಎಂದೂ ಸಾವ್ಕಾರರ ಎದುರು ದನಿಯೆತ್ತಿದವಳಲ್ಲ; ಇವತ್ತೂ ಎತ್ತಲಿಲ್ಲ. “ಹನ್ನೊಂದು ದಿನ ಆತ್ರಿ, ನನ್ನ ಗಂಡ ಕೂಸಿಗೆ ತುತ್ತು ಮಾಡಿ ತಿನ್ಸಿಲ್ರಿ” ಎಂದಳು. “ಕೈಯಾಗ ವಿಷ ಐತಿ ಅಂತಾನ್ರಿ. ಬೂದಿ ಹಚ್ಚಿ ತೊಳೀತಾನ, ಸೋಪು ಹಚ್ಚಿ ತೊಳೀತಾನ, ಮತ್ತ ಮೂಸಿ ನೋಡ್ತಾನ. ತಾನು ಚಮಚದಾಗ ಉಣ್ತಾನ್ರಿ. ಕಾವೇರಿ ಅಪ್ಪನ ಕೈತುತ್ತು ಬೇಕಂತ ಅಳ್ತದ, ಇವ ಹೊರಗ ಹೋಗಿ ಕುಂದರ್ತಾನ. ನೀವು ಒಂದ್ ಲೀಟರ್ ಹಾಲು ಕೊಟ್ರಿ.” ಅವಳು ಕಾದು ನೋಡಿ, “ಮೀನಿನ ಅಕ್ಕಾರಿಗೆ ಹೇಳ್ರಿ. ನಮ್ಮ ಮುಂದ ಹೇಳ್ರಿ” ಎಂದಳು.

ಅವನು ಅಲ್ಲೇ ಫೋನು ತೆಗೆದು ಹಚ್ಚಿದ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ. “ಧನುಶ್ರೀ, ಆ ಬಕೆಟ್ಟು ನಾನೇ ತೊಳ್ದಿದ್ದಮ್ಮ. ರಾಮಣ್ಣ ಅಲ್ಲ. ಸುಳ್ಳು ಹೇಳಿದ್ದೆ.” ಆ ಕಡೆ ಹುಡುಗರ ಗಲಾಟೆ ಕೇಳುತ್ತಿತ್ತು, ಅವಳು ಎಲ್ಲೋ ನಡೆದು ಹೋದಳು, ಗಲಾಟೆ ಕಡಿಮೆಯಾಯಿತು. ಶಾಲು, ಹಣ್ಣಿನ ಬುಟ್ಟಿ, ಅಂಕಲ್ ಎನ್ನುವ ಆ ಸಲಿಗೆ ಎಲ್ಲ ಈಗ ಹೋಗುತ್ತವೆ ಎಂದು ಅವನಿಗೆ ಅನ್ನಿಸಿತು. ಹೋಗಲಿ ಎಂದೂ ಅನ್ನಿಸಿತು. “ರಾಮಣ್ಣಂಗೆ ಫೋನ್ ಕೊಡಿ” ಎಂದಳು, ಅಂಕಲ್ ಎನ್ನಲಿಲ್ಲ. ರಾಮಣ್ಣ ಫೋನನ್ನು ಬೊಗಸೆಯಲ್ಲಿ ಹಿಡಿದುಕೊಂಡ. “ರಾಮಣ್ಣ, ನಾನು ಕೇಳ್ಬೇಕಿತ್ತು ನಿಮ್ಮನ್ನ. ಕೇಳ್ದೇನೇ ನಂಬ್ಬಿಟ್ಟೆ. ತಪ್ಪು ನಂದೂ ಇದೆ. ಹೋಗ್ಬೇಡಿ. ನಾಳೆ ಬರ್ತೀನಿ, ಮರಿ ಎಣಿಸೋಕೆ ನೀವು ಇರ್ಬೇಕು.” “ಇರ್ತೀನ್ರಿ ಅಕ್ಕಾರ” ಎಂದ ರಾಮಣ್ಣ. ಎಂದವನು ಹೆಂಡತಿಯ ಮುಖ ನೋಡಿದ. ಅವಳು ದಾರಿಗೆಂದು ಕಟ್ಟಿದ್ದ ಬುತ್ತಿಯ ಗಂಟನ್ನು ಬಿಚ್ಚಿ ಒಳಗೆ ಒಯ್ದಳು.

ಮುನಿಆಂಜನಪ್ಪ ಕೋಣೆಯ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದ. ಸುಟ್ಟ ನಾಲಿಗೆ ಚುರುಗುಟ್ಟುತ್ತಿತ್ತು, ಮುಖ ತೋರಿಸಲು ನಾಚಿಕೆಯಾಗುತ್ತಿತ್ತು, ಆದರೂ ಎದೆಯ ಮೇಲಿನ ಕಲ್ಲು ಇಳಿದು ಉಸಿರು ಹೊಟ್ಟೆಯ ತಳದವರೆಗೂ ಹೋಗಿ ಬರುತ್ತಿತ್ತು. ಬೆಳಿಗ್ಗೆ ಬೆನ್ಸನ್ ಟೌನಿನಲ್ಲಿ ಉಸಿರಾಡಿದ್ದು ಉಸಿರೇ ಅಲ್ಲ ಎನ್ನುವಷ್ಟು. ಕೊಟ್ಟಿಗೆಯಲ್ಲಿ ಮಧ್ಯಾಹ್ನದ ಸಗಣಿ ಬಾಚುವುದಿತ್ತು. ಅದು ರಾಮಣ್ಣನ ಕೆಲಸ. ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿ, ಪಂಚೆ ಮೇಲಕ್ಕೆ ಕಟ್ಟಿ, ಬುಟ್ಟಿ ಸಲಿಕೆ ತೆಗೆದುಕೊಂಡ. ಎಷ್ಟೋ ವರ್ಷದ ಮೇಲೆ ಬಗ್ಗಿದ್ದರಿಂದ ಸೊಂಟ ಹಿಡಿಯಿತು. ಶೀಟಿನ ಗೋಡೆಯಾಚೆ ತಟ್ಟೆಯ ಸದ್ದು, ರೊಟ್ಟಿ ಮುರಿಯುವ ಸದ್ದು. ರಾಮಣ್ಣ ಮಗಳನ್ನು ಕರೆಯುತ್ತಿದ್ದ. ಆಮೇಲೆ ಏನೂ ಕೇಳಿಸಲಿಲ್ಲ. ಮುನಿಆಂಜನಪ್ಪ ಸಲಿಕೆಯನ್ನು ಹಾಗೇ ಹಿಡಿದು, ಹಸುಗಳ ನಡುವೆ, ಉಸಿರು ಬಿಗಿಹಿಡಿದು ನಿಂತ. ಗೋಡೆಯಾಚೆಯಿಂದ ಬಾಯಿ ತುಂಬಿದ ದನಿಯಲ್ಲಿ ಕಾವೇರಿ ಹೇಳಿದಳು:

“ಅಪ್ಪಾ, ಇನ್ನೊಂದು.”